ಹೌದ್ರಿ ಆದ ಮೇಲೆ

ಅಪ್ಪನ ಎಡಹುಬ್ಬಿನ ತುದಿಯಲ್ಲಿ ಒಂದು ಬಿಳಿ ಕೂದಲಿದೆ. ಉಳಿದವುಗಳಿಗಿಂತ ಉದ್ದ, ತಂತಿಯಂತೆ ಗಡುಸು. ಅವರು ಪದಕ್ಕಾಗಿ ತಡಕಾಡುವಾಗ ಹುಬ್ಬು ಗಂಟಾಗುತ್ತದೆ, ಆಗ ಆ ಒಂದು ಕೂದಲು ಮಾತ್ರ ಗುಂಪಿನಿಂದ ಹೊರಗೆ ಬಂದು ನೆಟ್ಟಗೆ ನಿಲ್ಲುತ್ತದೆ. ಪದ ಸಿಕ್ಕರೆ ಮಲಗುತ್ತದೆ. ಅವರು ಕೈಚೆಲ್ಲಿದರೂ ಮಲಗುತ್ತದೆ.

ಇದನ್ನು ನಾನು ಮೊದಲ ಸಲ ನೋಡಿದ್ದು ಹೋದ ವರ್ಷ. ಹುಟ್ಟಿದಾಗಿನಿಂದ ಒಂದೇ ಮನೆಯಲ್ಲಿರುವವಳಿಗೆ ಅದು ಅಷ್ಟು ದಿನ ಕಾಣದೆ ಇದ್ದುದಕ್ಕೆ ಕಾರಣ ಸ್ಕೂಟರ್. ನಾನೂ ಅಪ್ಪನೂ ಮಾತಾಡಿದ್ದೆಲ್ಲ ಅದರ ಮೇಲೆಯೇ. ಉಪ್ಪಲ್‌ನಿಂದ ಕಾಲೇಜಿಗೆ ಬಿಡಲು ಬರುವಾಗ, ಭಾನುವಾರ ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ನೋಡಲು ಹೋಗುವಾಗ ಅವರು ಮುಂದೆ, ನಾನು ಹಿಂದೆ. ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳುತ್ತೇನೆ ಎಂದದ್ದು, ಒಬ್ಬ ಹುಡುಗ ನನ್ನನ್ನು ನೋಡಲು ಬರುವುದೇ ಬೇಡ ಎಂದದ್ದು, ಎರಡನ್ನೂ ನಾನು ಹೇಳಿದ್ದು ಅವರ ಬೆನ್ನಿಗೆ. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಅವರು ತಲೆಯನ್ನು ಸ್ವಲ್ಪ ಹೊರಳಿಸಿ, “ಹ್ಞಾಂ, ಮುಂದ ಹೇಳು” ಎನ್ನುತ್ತಿದ್ದರು. ಹಸಿರು ದೀಪ ಬಂದರೆ ಮಾತು ಅಲ್ಲಿಗೆ ನಿಲ್ಲುತ್ತಿತ್ತು, ಅದು ಇಬ್ಬರಿಗೂ ಅನುಕೂಲವಾಗಿತ್ತು. ಅವರ ಕುತ್ತಿಗೆಯ ಹಿಂದಿನ ಮಚ್ಚೆ, ಕಾಲರಿನ ಒಳಭಾಗ ಸವೆದು ಬಣ್ಣ ಬಿಟ್ಟಿರುವ ಜಾಗ ನನಗೆ ಚೆನ್ನಾಗಿ ಗೊತ್ತು. ಎದುರು ಕೂತು ಮಾತಾಡುವ ಜನ ನಾವಲ್ಲ.

ಅಪ್ಪ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆಂದು ಕಲಬುರಗಿ ಕಡೆಯಿಂದ ಈ ತೆಲುಗು ಊರಿಗೆ ಬಂದವರು. ನಿವೃತ್ತರಾದ ಮರುವರ್ಷ ಅವರಿಗೆ ಲಕ್ವ ಹೊಡೆಯಿತು. ಕಾಲು ಬೇಗ ಸುಧಾರಿಸಿತು. ಬಲಗೈ ನಿಧಾನವಾಗಿ ಲೋಟ ಹಿಡಿಯುವಷ್ಟಾಯಿತು. ಮಾತು ಮಾತ್ರ ಬರಲಿಲ್ಲ. ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು, ಪೇಪರಿನ ದೊಡ್ಡ ಅಕ್ಷರಗಳನ್ನು ಓದಿಕೊಳ್ಳುತ್ತಿದ್ದರು, ನಗುವ ಕಡೆ ನಗುತ್ತಿದ್ದರು. ಹೇಳಬೇಕಾದದ್ದು ಒಳಗೆ ಇದೆ, ಅದನ್ನು ಎತ್ತಿಕೊಡುವ ಪದ ಕೈಗೆ ಸಿಗುತ್ತಿಲ್ಲ, ಅಷ್ಟೇ.

ಪೂರ್ತಿಯಾಗಿ ಉಳಿದದ್ದು ಒಂದೇ ಪದ, ‘ಹೌದ್ರಿ’. ಊರ ಕಡೆಯ ಹಿರಿಯರು ಬಂದಾಗ ಅವರ ಮಾತಿನ ನಡುನಡುವೆ ಅಪ್ಪ ಹೌದ್ರಿ, ಹೌದ್ರಿ ಎನ್ನುತ್ತ ಕೂರುತ್ತಿದ್ದುದು ನನಗೆ ಚಿಕ್ಕಂದಿನಿಂದ ಗೊತ್ತು. ಎಲ್ಲವೂ ಹೋದಾಗ ಉಳಿದುಕೊಂಡದ್ದು ಆ ಮರ್ಯಾದೆ. ಡಾಕ್ಟರಿಗೂ ಹೌದ್ರಿ, ನೆಲ ಒರೆಸುವ ಆಯಾಗೂ ಹೌದ್ರಿ, ನನಗೂ ಹೌದ್ರಿ.

“ಮದುವಿ ಆದಾಗಿಂದ ಒಂದ ದಿನ ನನಗ ‘ರಿ’ ಹಚ್ಚಿ ಮಾತಾಡಿಲ್ಲ ಈ ಮನಷಾ” ಎಂದು ಅವ್ವ ಆಸ್ಪತ್ರೆಯಲ್ಲಿ ನನಗೆ ಹೇಳಿದಳು. “ಈಗ ನೋಡು, ನಾ ಏನಂದ್ರೂ ಹೌದ್ರಿ. ಇನ್ನ ಸ್ವಲ್ಪ ದಿನಾ ಹಿಂಗ ಇರಲಿ ಬಿಡು.”

ಅಪ್ಪನೂ ಅರ್ಧ ಮುಖದಲ್ಲಿ ನಕ್ಕರು. ಅವ್ವ ಹೊರಗೆ ಹೋಗಿ ಕಾರಿಡಾರಿನಲ್ಲಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಮಾತಿನ ಅಭ್ಯಾಸಕ್ಕೆ ಹಿಮಾಯತ್‌ನಗರದ ಒಂದು ಕ್ಲಿನಿಕ್ಕಿಗೆ ಹೋಗುತ್ತಿದ್ದೆವು. ಕೆಳಗೆ ಸೀರೆ ಅಂಗಡಿ, ಮೇಲೆ ಕ್ಲಿನಿಕ್. ಅಲ್ಲಿ ಹೇಳಿಕೊಡುವವಳು ನನ್ನ ವಯಸ್ಸಿನವಳೇ. ತೆಲುಗಿನವಳಾದ್ದರಿಂದ ಮನೆಯಲ್ಲಿ ಕನ್ನಡದ ಅಭ್ಯಾಸ ನೀವೇ ಮಾಡಿಸಬೇಕು ಎಂದು ಮೊದಲ ದಿನವೇ ನನಗೆ ವಹಿಸಿದಳು. ಆಮೇಲೆ, ನೀವು ಹೆಂಗಸೇ ಎಂದು ಅಪ್ಪನನ್ನು ಕನ್ನಡದಲ್ಲಿ ಕೇಳುವಂತೆ ಹೇಳಿದಳು. ನನಗೆ ಸಂಕೋಚವಾಯಿತು. ಆದರೂ ಕೇಳಿದೆ.

“ಹೌದ್ರಿ” ಎಂದರು ಅಪ್ಪ.

ನಾನು ಅವಳ ಕಡೆ ತಿರುಗಿದೆ. ಅವಳು ನನ್ನನ್ನು ನೋಡಲೇ ಇಲ್ಲ, ಅಪ್ಪನನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ತಲೆ ಅಲ್ಲಾಡಿಸಿದರು, ಕೈಯನ್ನು ಅಡ್ಡಡ್ಡ ಬೀಸಿದರು, ತಮ್ಮ ಮೇಲೆ ತಾವೇ ಸಿಟ್ಟಾಗಿ ನಕ್ಕರು. ಆಗ ಅವಳು ತೆಲುಗಿನಲ್ಲಿ ಹೇಳಿದಳು: ಆ ಪದ ಅವರಿಗಿಂತ ಮುಂಚೆ ಓಡಿ ಬಂದುಬಿಡುತ್ತದೆ. ಅವರು ಅದರ ಹಿಂದೆ ಬರುತ್ತಿರುತ್ತಾರೆ. ಬರುವವರೆಗೆ ಕಾಯಿರಿ. ನಡುವೆ ನೀವು ಪದ ಕೊಡಬೇಡಿ. ಬೇರೆ ಕಡೆ ನೋಡಬೇಡಿ, ನೋಡಿದರೆ ತಮ್ಮ ಸರದಿ ಮುಗಿಯಿತು ಎಂದುಕೊಂಡು ಅವರು ಬಿಟ್ಟುಬಿಡುತ್ತಾರೆ.

ಕೇಳಲು ಇದು ಸುಲಭ. ನನಗೆ ಬಹಳ ಕಷ್ಟವಾಯಿತು. ಔಷಧ ಕಂಪನಿಯೊಂದಕ್ಕೆ ಮನೆಯಿಂದಲೇ ಕಡತಗಳನ್ನು ತಿದ್ದಿಕೊಡುವುದು ನನ್ನ ಉದ್ಯೋಗ. ಬೇರೆಯವರು ಬರೆದ ವಾಕ್ಯ ಎಲ್ಲಿ ಕುಂಟುತ್ತದೋ ಅಲ್ಲಿ ಸರಿಯಾದ ಪದ ಹುಡುಕಿ ಹಾಕುವುದೇ ನನ್ನ ಕೆಲಸ. ಮೀಟಿಂಗುಗಳಲ್ಲಿ ಕ್ಯಾಮೆರಾ ಆರಿಸಿ, ಒಂದು ಕಿವಿ ಅಲ್ಲಿಟ್ಟು, ಇನ್ನೊಂದು ಕಡತ ತಿದ್ದುತ್ತ ಕೂರುವುದು ನನಗೆ ರೂಢಿಯಾಗಿತ್ತು. ಈಗ ಒಂದು ಮುಖದ ಎದುರು ಕುರ್ಚಿ ಹಾಕಿಕೊಂಡು, ಕೈಯಲ್ಲಿ ಏನೂ ಇಲ್ಲದೆ ಕೂರಬೇಕು. ಅಪ್ಪ ಬಾಯಿ ತೆರೆದು ತಡೆಯುತ್ತಿದ್ದರು. ಅವರ ವಾಕ್ಯಕ್ಕೆ ಹತ್ತಾರು ಕೊನೆಗಳು ನನ್ನ ನಾಲಿಗೆಗೆ ಬಂದು ನಿಲ್ಲುತ್ತಿದ್ದವು. ಅವನ್ನು ನುಂಗಿಕೊಂಡು ಕೂತರೆ, ಇವರಿಗೆ ಇವತ್ತು ಮಾತು ಸಿಗದೇ ಹೋದರೆ, ನಾಳೆಯೂ ಸಿಗದೇ ಹೋದರೆ ಎಂಬ ಯೋಚನೆ ಬರುತ್ತಿತ್ತು. ಆಗೆಲ್ಲ ನಾನು ಆ ಬಿಳಿ ಕೂದಲನ್ನು ನೋಡುತ್ತಿದ್ದೆ. ಕಣ್ಣಿಗೆ ಕಣ್ಣು ಕೊಡಲು ಆಗದವಳಿಗೆ ಅದು ಹತ್ತಿರದ ಜಾಗವಾಗಿತ್ತು.

ಮನೆಯಲ್ಲಿ ಬೇರೆ ಯಾರಿಗೂ ಕಾಯಲು ಬರುತ್ತಿರಲಿಲ್ಲ. ನಮ್ಮಲ್ಲಿ ಎದುರಿಗಿರುವವರು ಮಾತಿಗೆ ತಡವರಿಸಿದರೆ ಪದ ಎತ್ತಿಕೊಡುವುದು ಒಂದು ಉಪಚಾರ, ಬಂದವರಿಗೆ ನೀರು ಕೊಟ್ಟ ಹಾಗೆ. ಅಪ್ಪ ಕೈ ಎತ್ತಿದರೆ ಸಾಕು, ಅವ್ವ ಶುರುಮಾಡುತ್ತಿದ್ದಳು: “ನೀರ ಬೇಕೇನ್ರಿ? ಚಾದರ? ಫ್ಯಾನ್ ಬಂದ ಮಾಡಲಿ? ಟೀವಿ ಹಚ್ಚಲಿ?” ಯಾವುದೋ ಒಂದಕ್ಕೆ ಹೌದ್ರಿ ಬಂದುಬಿಡುತ್ತಿತ್ತು. ಅಪ್ಪ ಬೇಡದ ನೀರು ಕುಡಿಯುತ್ತಿದ್ದರು. ಕಾಲೊನಿಯ ಹಳೆಯ ಸ್ನೇಹಿತರು ಬಂದರಂತೂ ಮೂರು ಕಡೆಯಿಂದ ಪದಗಳು. ಅವರು ಹೋದ ಮೇಲೆ ಅಪ್ಪ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದರು.

ಹೀಗಿರುವಾಗ ಕಾಕಾ ಬಂದರು. ಅಪ್ಪನ ತಮ್ಮ. ಕಲಬುರಗಿಯಲ್ಲಿ ದೊಡ್ಡ ಮನೆ, ದೊಡ್ಡ ದನಿ, ಎಲ್ಲರ ಮೇಲೂ ಪ್ರೀತಿ. ಬಂದ ಸಂಜೆಯೇ ಅಪ್ಪನ ಪಕ್ಕದಲ್ಲಿ ಮಂಚದ ಮೇಲೆ ಕೂತು ಭುಜ ಹಿಡಿದುಕೊಂಡು ಅವ್ವನಿಗೆ ಹೇಳಿದರು.

“ವೈನಿ, ನೀವು ಹೂಂ ಅನ್ರಿ, ನಾ ಅಣ್ಣನ್ನ ಕರಕೊಂಡು ಹೋಗ್ತೀನಿ. ನಮ್ಮ ಮನಿ ತುಂಬ ಮಂದಿ ಅದೀವಿ. ಮುಂಜಾನಿಂದ ಸಂಜಿತನಕ ಮಾತೇ ಮಾತು. ಕಿವಿಗಿ ಬಿದ್ದು ಬಿದ್ದು ಬಾಯಿಗಿ ತಾನ ಬರ್ತಾವ. ಇಲ್ಲೇನೈತಿ? ಹೊರಗ ಹೋದ್ರ ತೆಲುಗು, ಒಳಗ ಬಂದ್ರ ಇಕಿ ಕಂಪ್ಯೂಟರ್ ಮುಂದ ಬಾಯಿಗಿ ಬೀಗಾ ಹಾಕ್ಕೊಂಡು ಕುಂತಿರ್ತಾಳ.”

ತಿಂಗಳುಗಳಿಂದ ಅವ್ವ ಅಪ್ಪನನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಎರಡನೇ ಮಹಡಿಯಿಂದ ಇಳಿಸಿ ಹತ್ತಿಸಿ ಮಾಡಿದ್ದಳು. ಅವಳ ಸೊಂಟ ಹಿಡಿದುಕೊಂಡಿತ್ತು. ಏಳುವಾಗ ಗೋಡೆ ಹಿಡಿಯುತ್ತಿದ್ದುದನ್ನು ನಾನು ನೋಡಿದ್ದೆ.

“ಅಣ್ಣಾ, ಬರ್ತಿ ಇಲ್ಲೋ ನಮ್ಮ ಮನಿಗಿ?”

“ಹೌದ್ರಿ.”

“ಆತ ನೋಡ್ರಿ” ಎಂದು ಕಾಕಾ ಎದ್ದರು. “ನನಗೂ ‘ರಿ’ ಹಚ್ಚಿದ. ನಾ ಸಣ್ಣಾಂವ ಇದ್ದಾಗ ಹೊಡಿಯೂ ಮುಂದ ಒಂದ ಸಲ ಹಚ್ಚಬೇಕಾಗಿತ್ತು.”

ಎಲ್ಲರೂ ನಕ್ಕರು. ನಾನು ಅಪ್ಪನ ಹುಬ್ಬು ನೋಡಿದೆ. ಕೂದಲು ನೆಟ್ಟಗೆ ನಿಂತಿತ್ತು. ಅಷ್ಟರಲ್ಲಿ ಕಾಕಾ ಫೋನ್ ತೆಗೆದು, ಭಾನುವಾರ ಬೆಳಿಗ್ಗೆ ಹೊರಡುತ್ತೇವೆ, ಕೆಳಗಿನ ಕೋಣೆ ತೆರವು ಮಾಡು ಎಂದು ಊರಿನಲ್ಲಿದ್ದ ಹೆಂಡತಿಗೆ ಹೇಳುತ್ತಿದ್ದರು. ಅಪ್ಪ ಅವರ ಬೆನ್ನನ್ನು ನೋಡಿದರು, ಆಮೇಲೆ ಕಿಟಕಿ ನೋಡಿದರು. ಕೂದಲು ಮಲಗಿತು.

ಶನಿವಾರದವರೆಗೆ ನನಗೆ ಅದೇ ಯೋಚನೆ. ಅಪ್ಪ ನಿಜವಾಗಿಯೂ ಒಪ್ಪಿದ್ದರೆ? ತಮ್ಮನ ಮನೆ, ತಮ್ಮ ಭಾಷೆ, ಬೇಡ ಎನ್ನಲು ಕಾರಣವಿಲ್ಲ. ಒಪ್ಪಿರದಿದ್ದರೆ? ಭಾನುವಾರ ಕಾರಿನಲ್ಲಿ ಕೂರಿಸಿ ಬಾಗಿಲು ಹಾಕಿದ ಮೇಲೆ ಅವರು ಅದನ್ನು ಯಾರಿಗೆ ಹೇಳುತ್ತಾರೆ, ಯಾವ ಪದದಲ್ಲಿ? ಮತ್ತೆ ಕೇಳಿದರೆ ಅವ್ವನಿಗೆ ಸಿಗಲಿದ್ದ ವಿಶ್ರಾಂತಿಯನ್ನು ನಾನು ಕಿತ್ತುಕೊಂಡಂತೆ. ಇದೆಲ್ಲದರ ಕೆಳಗೆ ಇನ್ನೊಂದಿತ್ತು. ಅಪ್ಪ ಹೋದರೆ ದಿನಾ ಆ ಕುರ್ಚಿಯಲ್ಲಿ ಕೂರುವುದು ನನಗೂ ತಪ್ಪುತ್ತಿತ್ತು. ಹಾಗಾಗಿ ನನ್ನ ಅನುಮಾನ ಎಷ್ಟು ಅಪ್ಪನದು, ಎಷ್ಟು ನನ್ನದು ಎಂದು ನನಗೇ ತಿಳಿಯುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಚಹಾ ಕುಡಿಯುವಾಗ ಕಾಕಾಗೆ ಹೇಳಿದೆ.

“ಕಾಕಾ, ಅಪ್ಪ ಇನ್ನೂ ಹೇಳಿ ಮುಗಿಸಿಲ್ರಿ.”

“ಮುಗಸೂದೇನೈತಿ ಇದರಾಗ? ಹೌದ್ರಿ ಅಂದನಲ್ಲ. ನೀನೂ ಕೇಳಿದಿ.”

“ಅವರು ಎಲ್ಲಾದಕ್ಕೂ ಹೌದ್ರಿ ಅಂತಾರ.”

“ಭಾಳ ಚಲೋ ಆತು. ಮೊದಲ ಯಾವದಕ್ಕೂ ಅಂತಿರಲಿಲ್ಲ.” ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡು, ದನಿ ತಗ್ಗಿಸಿದರು. “ತಂಗಿ, ನೀ ಭಾಳ ವಿಚಾರ ಮಾಡ್ತಿ. ನಿಮ್ಮವ್ವನ ಮಾರಿ ನೋಡಿಯೇನ?”

ನೋಡಿದ್ದೆ. ನನ್ನ ಲೋಟ ಎತ್ತಿಕೊಂಡು ಒಳಗೆ ಹೋದೆ.

ಮಧ್ಯಾಹ್ನ ಕಾಕಾ ಮನೆಯವರಿಗೆ ಏನಾದರೂ ಒಯ್ಯಬೇಕೆಂದು ಅಬಿಡ್ಸ್ ಕಡೆ ಹೋದರು. ಅವ್ವ ಒಳಗೆ ಅಪ್ಪನ ಬಟ್ಟೆ ಜೋಡಿಸುತ್ತಿದ್ದಳು. ನಾನು ಫೋನನ್ನು ನನ್ನ ಕೋಣೆಯಲ್ಲೇ ಬಿಟ್ಟು, ಟೀವಿ ಆರಿಸಿ, ಕುರ್ಚಿಯನ್ನು ಅಪ್ಪನ ಎದುರಿಗೆ ಎಳೆದುಕೊಂಡೆ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಅಭ್ಯಾಸದ ಹೊತ್ತಲ್ಲವಾದ್ದರಿಂದ ಅವರು ನನ್ನನ್ನು ಪ್ರಶ್ನಿಸುವಂತೆ ನೋಡಿದರು.

“ಅಪ್ಪಾ, ನಾಳೆ ಕಾಕಾನ ಮನಿಗಿ ಹೋಗೋದು ನಿಮಗ ಬೇಕೇನು?”

“ಹೌದ್ರಿ.”

ನಾನು ಕೂತೇ ಇದ್ದೆ.

ಹೊರಗೆ ಉಳ್ಳಾಗಡ್ಡಿ ಮಾರುವ ಗಾಡಿ ಬಂತು. ಧ್ವನಿವರ್ಧಕದಲ್ಲಿ ಅದೇ ತೆಲುಗು ವಾಕ್ಯ, ಮತ್ತೆ ಅದೇ, ಮತ್ತೆ ಅದೇ. ನನ್ನ ಕೋಣೆಯಲ್ಲಿ ಫೋನ್ ಗುರುಗುಟ್ಟಿ ನಿಂತು ಮತ್ತೆ ಗುರುಗುಟ್ಟಿತು. ಆಫೀಸಿನದೇ ಇರಬೇಕು, ಶನಿವಾರ ಕಳಿಸಬೇಕಾದ ಒಂದು ಕಡತ ಬಾಕಿ ಇತ್ತು. ನನ್ನ ಕತ್ತು ಆ ಕಡೆ ಹೊರಳಲು ಹೊರಟಿದ್ದು ನನಗೇ ತಿಳಿಯಿತು. ಹಿಡಿದುಕೊಂಡೆ. ಆ ಹೊತ್ತು ನಾನು ಹುಬ್ಬಿನ ಕೂದಲನ್ನು ಬಿಟ್ಟು ಅವರ ಕಣ್ಣು ನೋಡಿದೆ. ಅವರೂ ನೋಡುತ್ತಿದ್ದರು. ನಾನು ಏಳುತ್ತೇನೋ ಇಲ್ಲವೋ ಎಂದು ಕಾಯುತ್ತಿದ್ದುದು ಅವರೇ ಎಂದು ಆಗ ಅನಿಸಿತು.

ಅವರ ತುಟಿ ಕೂಡಿತು, ಬಿಟ್ಟಿತು. ಎಡಗೈಯನ್ನು ತೊಡೆಯ ಮೇಲೆ ಬಡಿದುಕೊಂಡರು.

“ಅಲ್ಲಿ” ಎಂದರು.

ಅವ್ವ ಬಾಗಿಲಿಗೆ ಬಂದಳು, ಕೈಯಲ್ಲಿ ಟವೆಲ್. “ಅಲ್ಲಿ ಎಲ್ಲಾ ಐತ್ರಿ. ಶಾಲು ಹಾಕೀನಿ, ಗುಳಿಗಿ ಹಾಕೀನಿ, ನಿಮ್ಮ ಕನ್ನಡಕ—”

ನಾನು ಕೈ ಎತ್ತಿದೆ. ಅವ್ವನ ಮಾತಿಗೆ ಹಾಗೆ ಕೈ ಅಡ್ಡ ಹಿಡಿದದ್ದು ಅದೇ ಮೊದಲು. ಅವಳು ಅಲ್ಲೇ ನಿಂತಳು. ಅವಳ ಮುಖ ನೋಡಿದರೆ ಅಪ್ಪನನ್ನು ಕಳೆದುಕೊಳ್ಳುತ್ತೇನೆ ಎಂಬ ಭಯದಲ್ಲಿ ನಾನು ತಿರುಗಲಿಲ್ಲ. ನನ್ನ ಕೈ ಗಾಳಿಯಲ್ಲೇ ಇತ್ತು.

“ಅಲ್ಲಿ… ಎಲ್ಲಾರೂ.” ತಡೆದರು. ಗಂಟಲು ಸರಿಮಾಡಿಕೊಂಡರು. ನನ್ನ ನಾಲಿಗೆಗೆ ಬಂದದ್ದು ‘ಚಲೋ ಅದಾರ’ ಎಂಬ ಕೊನೆ. ಕೊಟ್ಟುಬಿಟ್ಟಿದ್ದರೆ ಅವರು ತೆಗೆದುಕೊಂಡುಬಿಡುತ್ತಿದ್ದರು. “ಎಲ್ಲಾರೂ… ಮಾತಾಡ್ತಾರ.”

“ಅದಕ್ಕ ಅಲ್ಲೇನ್ರಿ ಕಳಸಾಕತ್ತಿದ್ದು” ಎಂದಳು ಅವ್ವ, ಮೆಲ್ಲಗೆ, ಸಮಾಧಾನದಿಂದ.

ನಾನೂ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಒಂದು ಪೂರ್ತಿ ವಾಕ್ಯ, ಅವರ ಕಡೆಯಿಂದ ಬಂದ ಮೊದಲನೆಯದು, ಕಾಕಾ ಹೇಳಿದ್ದನ್ನೇ ಹೇಳಿತ್ತು. ನನಗೆ ಹಗುರವೂ ಆಯಿತು, ಬೇಸರವೂ ಆಯಿತು. ಏಳಲು ಕುರ್ಚಿಯ ಕೈ ಹಿಡಿದೆ. ಆಗ ಆ ಕೂದಲು ಕಂಡಿತು. ಇನ್ನೂ ನಿಂತೇ ಇತ್ತು.

ಕುರ್ಚಿಯ ಕೈ ಬಿಟ್ಟೆ.

“ನಾ” ಎಂದರು ಅಪ್ಪ. ಎದೆಯ ಮೇಲೆ ಬೆರಳಿಟ್ಟುಕೊಂಡರು. “ನಾ… ಯಾವಾಗ?”

ಗಾಡಿ ಮುಂದಿನ ಗಲ್ಲಿಗೆ ಹೋಗಿತ್ತು. ಅವ್ವ ಟವೆಲ್ಲನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಆಮೇಲೆ ಮಂಚದ ತುದಿಯಲ್ಲಿ ಕೂತಳು.

“ಅಲ್ಲಿ ಎಲ್ಲಾರೂ ಮಾತಾಡ್ತಾರ, ನಾ ಯಾವಾಗ ಮಾತಾಡ್ಲಿ ಅನ್ನಾಕತ್ತೀರೇನು?” ಎಂದು ನಾನು ಕೇಳಿದೆ.

“ಹೌದ್ರಿ” ಎಂದರು. ಕಾದೆ. ಹಿಂದೆ ಬೇರೇನೂ ಬರಲಿಲ್ಲ. ಕೂದಲು ಮಲಗಿತ್ತು.

ಸಂಜೆ ಕಾಕಾ ಬಿಸ್ಕತ್ತಿನ ಡಬ್ಬಿಗಳೊಂದಿಗೆ ಬಂದಾಗ ನಡೆದದ್ದನ್ನು ಅವ್ವನೇ ಹೇಳಿದಳು. ಅವರಿಗೆ ನೋವಾಯಿತು. ಅಣ್ಣ ಹಾಗೆ ಹೇಳಲು ಸಾಧ್ಯವೇ ಇಲ್ಲ ಎಂದರು, ನಾನು ಹೇಳಿಕೊಟ್ಟಿರಬೇಕು ಎಂದರು, ಕೊನೆಗೆ ಅಣ್ಣನ ಎದುರಿಗೇ ಹೋಗಿ ನಿಂತರು.

“ಅಣ್ಣಾ, ನಮ್ಮ ಮನಿ ಬ್ಯಾಡಾತೇನು ನಿನಗ? ಹೇಳು. ನಾವು ಏನ ಅಂಥಾದ್ದು ಮಾಡೀವಿ? ಊಟಕ್ಕೇನ ಕಡಿಮಿ ಆಗ್ತದೇನು? ಮಕ್ಕಳು ತ್ರಾಸ ಕೊಡ್ತಾರಂತಿಯೇನು?”

ಅಪ್ಪ ಬಾಯಿ ತೆರೆದರು. ಕಾಕಾ ಇನ್ನೊಂದು ಪ್ರಶ್ನೆ ಕೇಳಿದರು. ಅಪ್ಪ ಬಾಯಿ ಮುಚ್ಚಿದರು. ಎರಡನೇ ಸಲವೂ ಹಾಗೆಯೇ ಆದಾಗ ಅಪ್ಪ ನನ್ನ ಕಡೆ ನೋಡಿ, ಕಣ್ಣಿನಲ್ಲೇ ನಕ್ಕು, ತಮ್ಮನ ಕಡೆ ಎಡಗೈ ಚಾಚಿ ತೋರಿಸಿದರು. ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಕಾಕಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕುರ್ಚಿಯಲ್ಲಿ ಕೂತರು. “ನಾವು ಬಾಯಿಬಡುಕರು ಅಂತೀ” ಎಂದರು. ಯಾರೂ ಅಲ್ಲಗಳೆಯಲಿಲ್ಲ.

ರಾತ್ರಿ ಊಟದ ಮೊದಲು ಅವ್ವ ಜೋಡಿಸಿದ್ದ ಬಟ್ಟೆಗಳನ್ನು ಬ್ಯಾಗಿನಿಂದ ತೆಗೆದು ಮತ್ತೆ ಕಪಾಟಿನಲ್ಲಿಡುತ್ತಿದ್ದಳು. ನಾನು ನೆರವಿಗೆ ಹೋದೆ. ಬಗ್ಗಿ ಏಳುವಾಗ ಅವಳು ಕಪಾಟಿನ ಬಾಗಿಲು ಹಿಡಿದುಕೊಂಡಳು.

“ಅವ್ವಾ, ನಿನಗ ಸಿಟ್ಟು ಬಂತೇನು?”

“ಸಿಟ್ಟ್ಯಾಕ? ಅವರು ಮಾತಾಡಿದ್ರಲ್ಲ, ಅಷ್ಟ ಸಾಕು.” ಒಂದು ಅಂಗಿಯ ಗುಂಡಿ ಹಾಕುತ್ತ, ನನ್ನನ್ನು ನೋಡದೆ ಹೇಳಿದಳು. “ನಿನ್ನ ಅಪ್ಪಗ ಮಾತು ಬರಂಗಿಲ್ಲ ಅಂತ ನೀ ಕುರ್ಚಿ ಹಾಕ್ಕೊಂಡು ಕೂಡ್ತಿ. ನನಗ ಬರ್ತದ, ಹಿಂಗಾಗಿ ಯಾರೂ ಕೂಡಂಗಿಲ್ಲ.”

ತಮಾಷೆಯ ದನಿಯಲ್ಲೇ ಹೇಳಿದ್ದಳು. ನಾನು ಏನಾದರೂ ಹೇಳುವಷ್ಟರಲ್ಲಿ ಕಾಕಾ ಊಟಕ್ಕೆ ಕರೆದರು.

ಮರುದಿನ ಬೆಳಿಗ್ಗೆ ಕಾಕಾ ಒಬ್ಬರೇ ಹೊರಟರು. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಹೊಸ್ತಿಲಲ್ಲಿ ನಿಂತು, “ಬರ್ತೀನಿ ಅಣ್ಣಾ” ಎಂದರು. ಅಪ್ಪ ಹೌದ್ರಿ ಎಂದರು. ಕಾಕಾ ಇನ್ನೊಂದು ಚಪ್ಪಲಿ ಹಾಕಿಕೊಳ್ಳದೆ ಹಾಗೆಯೇ ನಿಂತರು, ಮುಂದೆ ಏನಾದರೂ ಬರುತ್ತದೇನೋ ಎಂದು. ಈ ಸಲ ಅಷ್ಟೇ ಇತ್ತು. ಅಪ್ಪ ಕೈ ಬೀಸಿದರು.

ಅವರು ಹೋದ ಮೇಲೆ ಅವ್ವ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಮೆಂತ್ಯಪಲ್ಲೆ ಸೋಸುತ್ತಿದ್ದಳು. ಆಫೀಸಿನ ಕಡತ ಇನ್ನೂ ಹೋಗಿರಲಿಲ್ಲ. ನಾನು ಫೋನನ್ನು ಅಪ್ಪನ ಮಂಚದ ಮೇಲೆ ಬಿಟ್ಟು, ಒಂದು ಮಣೆ ಎಳೆದುಕೊಂಡು ಅವ್ವನ ಎದುರಿಗೆ ಕೂತೆ.

“ಸೊಂಟ ಹೆಂಗೈತಿ?” ಎಂದೆ.

“ಏನಾಗೇತಿ ನನಗ? ಆರಾಮ ಅದೀನಿ.”

ನಾನು ಏಳಲಿಲ್ಲ. ಅವ್ವ ಎರಡು ಕಡ್ಡಿ ಸೋಸಿದಳು, ತಲೆ ಎತ್ತಿದಳು, ಮತ್ತೆ ಸೊಪ್ಪಿನ ಕಡೆ ಬಗ್ಗಿದಳು.

“ಕೆಲಸ ಇಲ್ಲೇನ ನಿನಗ ಇವತ್ತ?”

“ಐತಿ” ಎಂದೆ. ಕೂತೇ ಇದ್ದೆ.